ಸದ್ದಿಗೊಂದೇ ಗುಂಡಿ ಎಂಬ ಸೋಮಾರಿ ಸಿದ್ಧಾಂತ

ಸಾಮಾನ್ಯ ಜನಕ್ಕೆ ಕಂಪ್ಯೂಟರಿನಲ್ಲಿ ಸದ್ದಿನ ಗುಂಡಿ ಒಂದಿದ್ದರೆ ಸಾಕು ಎಂಬ ಮಾತು ಸಾಫ್ಟ್‌ವೇರ್ ವಿನ್ಯಾಸ ಮಾಡುವವರಲ್ಲಿ ಎಷ್ಟು ಬೇರೂರಿದೆಯೆಂದರೆ, ಈಗ ಅದನ್ನು ಯಾರೂ ವಾದಿಸಿ ಗೆಲ್ಲಬೇಕಾಗಿಲ್ಲ. ಹೇಳಿದರೆ ಸಾಕು, ಎಲ್ಲರೂ ತಲೆಯಾಡಿಸುತ್ತಾರೆ. ಹಾಡಿಗೊಂದು, ವಿಡಿಯೋ ಕರೆಗೊಂದು, ಬ್ರೌಸರಿಗೊಂದು ಎಂದು ಬೇರೆ ಬೇರೆ ಸ್ಲೈಡರ್ ಕೊಟ್ಟರೆ ಜನ ಗಾಬರಿಬೀಳುತ್ತಾರಂತೆ. ಅದೆಲ್ಲ ಸ್ಟುಡಿಯೋದವರಿಗೆ, ಗೇಮ್ ಆಡುವವರಿಗೆ ಬೇಕಾದದ್ದಂತೆ. ಹಾಗಾಗಿ ಆ ಸೌಲಭ್ಯ ಇದ್ದರೆ ಅದನ್ನು ಮೂರು ನಾಲ್ಕು ಕ್ಲಿಕ್ಕಿನಾಚೆ ಹುಗಿದಿಡುವುದು, ಇಲ್ಲದಿದ್ದರೆ ಇಲ್ಲದಿರುವುದನ್ನೇ ಸರಳತೆ ಎಂದು ಕರೆಯುವುದು. ಈ ನಂಬಿಕೆ ಸುಳ್ಳು. ಬರೀ ಸುಳ್ಳಾಗಿದ್ದರೆ ಬಿಡಬಹುದಿತ್ತು. ಯಾರ ಹೆಸರು ಹೇಳಿ ಇದನ್ನು ಸಮರ್ಥಿಸುತ್ತಾರೋ ಆ ಸಾಮಾನ್ಯ ಜನಕ್ಕೇ ಇದರಿಂದ ಹೆಚ್ಚು ತೊಂದರೆ.

ವಿನ್ಯಾಸಕಾರರ ಕಲ್ಪನೆಯ ಸಾಮಾನ್ಯ ಬಳಕೆದಾರ ಒಬ್ಬನೇ ಕೂತು, ಹೆಡ್‌ಫೋನ್ ಹಾಕಿಕೊಂಡು, ಒಂದು ಹೊತ್ತಿಗೆ ಒಂದೇ ಕೆಲಸ ಮಾಡುವವನು. ಅಂಥವನನ್ನು ನಮ್ಮ ಕಡೆ ಹುಡುಕಬೇಕು. ತೆಲಂಗಾಣದ ಗಡಿಯ ಗದ್ವಾಲ್, ಮಕ್ತಲ್, ನಾರಾಯಣಪೇಟೆ, ಯಾವ ಊರಿಗೆ ಹೋದರೂ ಕಂಪ್ಯೂಟರು ಹೆಚ್ಚು ದುಡಿಯುವುದು ಜೆರಾಕ್ಸ್ ಅಂಗಡಿಯಲ್ಲಿ. ಒಂದು ಡೆಸ್ಕ್‌ಟಾಪು, ಎರಡು ಪ್ರಿಂಟರು, ಒಂದು ಲ್ಯಾಮಿನೇಶನ್ ಯಂತ್ರ, ಮೂಲೆಯಲ್ಲಿ ಧೂಳು ಹಿಡಿದ ಎರಡು ಸ್ಪೀಕರ್ ಡಬ್ಬಿ. ಪಹಣಿ, ಜಾತಿ ಸರ್ಟಿಫಿಕೇಟು, ಈ-ಪಾಸ್ ಸ್ಕಾಲರ್‌ಶಿಪ್ಪಿನ ಅರ್ಜಿ, ಮದುವೆ ಕಾರ್ಡು, ಎಲ್ಲಾ ಅದರಲ್ಲೇ. ಗಿರಾಕಿ ಕನ್ನಡ ಮಾತಾಡ್ತಾನೆ, ಅರ್ಜಿ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರ್ತದೆ, ಹಾಡು ಹಿಂದಿಯದು. ಹಾಡು ನಿಲ್ಲುವುದಿಲ್ಲ. ದಿನಕ್ಕೆ ಹನ್ನೆರಡು ತಾಸು ಒಂದೇ ಕುರ್ಚಿಯಲ್ಲಿ ಕೂರುವವನಿಗೆ ಹಾಡು ಇಲ್ಲದೆ ಹೊತ್ತು ಹೋಗುವುದಿಲ್ಲ.

ಈ ಅಂಗಡಿಯ ವ್ಯವಹಾರದಲ್ಲಿ ಬಹುಪಾಲು ಈಗ ವಾಟ್ಸಾಪಿನ ಮೇಲೆ ನಡೆಯುತ್ತದೆ. ಪ್ರಿಂಟ್ ಬೇಕಾದವರು ಬಾಗಿಲಲ್ಲಿ ನಿಂತು ತಮ್ಮ ಫೋನಿನಿಂದ ಪಿಡಿಎಫ್ ಕಳಿಸುತ್ತಾರೆ. ಕಂಪ್ಯೂಟರಿನಲ್ಲಿ ‘ಟಣ್’ ಅನ್ನುತ್ತದೆ, ಅಂಗಡಿಯವನು ತೆಗೆದು ಪ್ರಿಂಟ್ ಕೊಡುತ್ತಾನೆ. ಆ ‘ಟಣ್’ ಅನ್ನುವುದು ಅವನ ಪಾಲಿಗೆ ಗಿರಾಕಿ ಬಾಗಿಲು ತಟ್ಟಿದ ಸದ್ದು. ಈಗ ಹಾಡಿನ ಸದ್ದು ಹೆಚ್ಚಿಟ್ಟರೆ ಅದು ಮುಚ್ಚಿಹೋಗುತ್ತದೆ. ಗುಂಡಿ ತಿರುಗಿಸಿ ಕಡಿಮೆ ಮಾಡಿದರೆ ಹಾಡಿನ ಜೊತೆ ಅದೂ ಕಡಿಮೆಯಾಗುತ್ತದೆ. ಸಂಜೆ ಹೊತ್ತಿನಲ್ಲಿ ಇಂಥ ಅಂಗಡಿಯ ಮುಂದೆ ನಿಂತರೆ ಈ ಮಾತು ಕೇಳದೆ ಬರುವಂತಿಲ್ಲ:

“ಅಣ್ಣಾ, ಫೈಲ್ ಕಳಿಸಿ ಆಗಲೇ ಎಷ್ಟೊತ್ತಾತು, ನೋಡ್ರಿ.”

“ಹಾಡಿನ ಗದ್ದಲದಾಗ ಕೇಳಿಸಿಲ್ಲಕ್ಕ, ತಡೀರಿ.”

ಪರಿಹಾರವನ್ನು ಅಂಗಡಿಯವರೇ ಕಂಡುಕೊಂಡಿದ್ದಾರೆ. ಹಾಡು ಎಜ್ ಬ್ರೌಸರಿನಲ್ಲಿ, ವಾಟ್ಸಾಪ್ ಕ್ರೋಮಿನಲ್ಲಿ. ಯಾಕೆ ಹೀಗೆ? ವಿಂಡೋಸಿನ ವಾಲ್ಯೂಮ್ ಮಿಕ್ಸರ್ ತೆರೆದರೆ ಇಡೀ ಕ್ರೋಮಿಗೆ ಒಂದೇ ಸ್ಲೈಡರ್. ಒಳಗೆ ಹತ್ತು ಟ್ಯಾಬ್ ಇರಲಿ, ಒಂದರಲ್ಲಿ ಹಾಡು, ಇನ್ನೊಂದರಲ್ಲಿ ವಾಟ್ಸಾಪ್, ಮತ್ತೊಂದರಲ್ಲಿ ತಾನಾಗಿಯೇ ಅರಚುವ ಜಾಹೀರಾತು ಇರಲಿ, ಮಿಕ್ಸರಿನ ಕಣ್ಣಿಗೆ ಅವೆಲ್ಲ ಒಂದೇ. ಎರಡು ಸ್ಲೈಡರ್ ಬೇಕೆಂದರೆ ಎರಡು ಬ್ರೌಸರ್ ತೆರೆಯಬೇಕು. ನಾಲ್ಕು ಜಿಬಿ ಮೆಮೊರಿಯ ಹಳೇ ಕಂಪ್ಯೂಟರಿನಲ್ಲಿ, ಬರೀ ಒಂದು ಹೆಚ್ಚುವರಿ ಸ್ಲೈಡರಿಗೋಸ್ಕರ, ಒಂದು ಇಡೀ ಬ್ರೌಸರ್ ಓಡಿಸುವುದು. ಜನಕ್ಕೆ ಇದು ಬೇಡ, ಅರ್ಥವಾಗುವುದಿಲ್ಲ ಎನ್ನುವವರು ಇದನ್ನೊಮ್ಮೆ ನೋಡಿಕೊಂಡು ಹೋಗಲಿ. ಬೇಡವಾದದ್ದಕ್ಕೆ ಯಾರೂ ಇಷ್ಟು ಸುತ್ತಿ ಬಳಸಿ ದಾರಿ ಹುಡುಕುವುದಿಲ್ಲ.

ಈ ಮಿಕ್ಸರಿನ ಹಿಂದೆ ಒಂದು ಕತೆ ಇದೆ. ವಿಂಡೋಸ್ ಎಕ್ಸ್‌ಪಿಯಲ್ಲಿ ಸ್ಪೀಕರ್ ಚಿತ್ರದ ಮೇಲೆ ಎರಡು ಸಲ ಒತ್ತಿದರೆ ಸಾಲಾಗಿ ಸ್ಲೈಡರುಗಳು ಬರುತ್ತಿದ್ದವು: ವೇವ್, ಸಿಡಿ ಪ್ಲೇಯರ್, ಲೈನ್ ಇನ್. ನೋಡಲಿಕ್ಕೆ ಮಿಕ್ಸರೇ. ಆದರೆ ಅವೆಲ್ಲ ಸೌಂಡ್ ಕಾರ್ಡಿನ ತಂತಿಗಳ ಹೆಸರು. ಕೇಳುವವನಿಗೆ ತಂತಿಯ ಗೊಡವೆ ಯಾಕೆ? ಹಾಡು, ಆಟ, ಎಚ್ಚರಿಕೆಯ ಗಂಟೆ, ಎಲ್ಲವೂ ‘ವೇವ್’ ಎಂಬ ಒಂದೇ ಕೊಳವೆಯಲ್ಲಿ ಬರುತ್ತಿದ್ದವು. ಕೆಲವು ಪ್ಲೇಯರುಗಳಂತೂ ತಮ್ಮದೇ ಸ್ಲೈಡರ್ ಎಳೆದಾಗ ಆ ‘ವೇವ್’ ಅನ್ನೇ ಎಳೆದುಬಿಡುತ್ತಿದ್ದವು. ಒಂದರ ಸದ್ದು ತಗ್ಗಿಸಲು ಹೋದರೆ ಎಲ್ಲದರದೂ ತಗ್ಗುತ್ತಿತ್ತು. 2007ರಲ್ಲಿ ಬಂದ ವಿಸ್ಟಾವನ್ನು ಜಗತ್ತೆಲ್ಲಾ ಬೈದಿತು, ಬೈದದ್ದರಲ್ಲಿ ಹೆಚ್ಚಿನದು ನ್ಯಾಯವೇ. ಆದರೆ ಸದ್ದಿನ ವ್ಯವಸ್ಥೆಯನ್ನು ಬುಡದಿಂದ ಹೊಸದಾಗಿ ಬರೆದು, ಪ್ರತಿ ಅಪ್ಲಿಕೇಶನ್ನಿಗೂ ಅದರದೇ ಸ್ಲೈಡರ್ ಕೊಟ್ಟದ್ದು ಅದೇ ವಿಸ್ಟಾ. ಲಿನಕ್ಸಿನ ಕಡೆ ಲೆನಾರ್ಟ್ ಪೊಟರಿಂಗ್ ಬರೆದ, ಇದೇ ಸೌಲಭ್ಯ ಕೊಡುವ ಪಲ್ಸ್‌ಆಡಿಯೋ ಅದೇ 2007ರ ಕೊನೆಗೆ ಫೆಡೋರಾದಲ್ಲಿ, ಮರುವರ್ಷ ಉಬುಂಟುವಿನಲ್ಲಿ ಬಂತು. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಕಲಿಯುವುದು ಕೇರಳ ಸರ್ಕಾರದ ಕೈಟ್ ಸಂಸ್ಥೆಯ ಉಬುಂಟು ಆಧಾರಿತ ವ್ಯವಸ್ಥೆಯಲ್ಲಿ. ಹಾಗೆ ನೋಡಿದರೆ ಈ ಸೌಲಭ್ಯ ಗಡಿ ಕನ್ನಡಿಗರ ಮಕ್ಕಳ ಕೈಗೂ ಯಾವತ್ತೋ ಬಂದಿದೆ. ಯಾರೂ ಗಾಬರಿಬಿದ್ದ ಸುದ್ದಿ ಇಲ್ಲ.

ಮ್ಯಾಕ್‌ನವರ ಮಾತು ಬೇರೆ. ಸಂಗೀತಗಾರರ ಯಂತ್ರ ಎಂದೇ ಹೆಸರಾದ ಅದರಲ್ಲಿ ಒಂದೊಂದು ಅಪ್ಲಿಕೇಶನ್ನಿನ ಸದ್ದನ್ನು ಬೇರೆ ಬೇರೆ ಹಿಡಿಯುವ ಸ್ಲೈಡರನ್ನು ಇಷ್ಟು ವರ್ಷವೂ ಕಂಪನಿ ಒಳಗೇ ಇಟ್ಟುಕೊಡಲಿಲ್ಲ. ಬೇಕಾದವರು ರೋಗ್ ಅಮೀಬಾ ಎಂಬ ಕಂಪನಿಯ ಸೌಂಡ್‌ಸೋರ್ಸ್ ಕೊಂಡು ಹಾಕಿಕೊಳ್ಳುತ್ತಾರೆ. ಜನಕ್ಕೆ ಬೇಡವಾದದ್ದನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಸರಳತೆಯ ಭಕ್ತರು ಉತ್ತರ ಹೇಳಿದ್ದು ಕಾಣೆ.

“ಪ್ರತಿ ಅಪ್ಲಿಕೇಶನ್ನಿನ ಒಳಗೂ ಅದರದೇ ವಾಲ್ಯೂಮ್ ಇರುತ್ತದಲ್ಲ, ಹೊರಗೆ ಇನ್ನೊಂದು ಯಾಕೆ” ಎನ್ನುವವರೂ ಇದ್ದಾರೆ. ಈ ವಾದ ಕೇಳಲಿಕ್ಕೆ ಚಂದ. ಮೊದಲನೆಯದಾಗಿ ಎಲ್ಲದರಲ್ಲೂ ಇರುವುದಿಲ್ಲ. ವಾಟ್ಸಾಪಿನ ‘ಟಣ್’ಗೆ ಸ್ಲೈಡರ್ ಎಲ್ಲಿದೆ? ಆ್ಯಂಟಿವೈರಸ್ಸಿನ ಕಿರುಚಾಟಕ್ಕೆ ಎಲ್ಲಿದೆ? ಅದಕ್ಕಿಂತ ದೊಡ್ಡ ವಿಚಾರ, ಆ ಒಳಗಿನ ಸ್ಲೈಡರ್ ಇರುವುದು ಸದ್ದು ಮಾಡುವವನ ಕೈಯಲ್ಲಿ. ಜಾಹೀರಾತು ಬರುವಾಗ ತನ್ನ ಸದ್ದನ್ನು ತಾನೇ ತಗ್ಗಿಸಿಕೊಂಡ ಸೈಟನ್ನು ನಾನಂತೂ ಕಂಡಿಲ್ಲ. ಟಿವಿಯವರ ವಿಷಯದಲ್ಲಿ ಸರ್ಕಾರಕ್ಕೆ ಇದು ಎಂದೋ ಗೊತ್ತಾಗಿತ್ತು: 1994ರ ಕೇಬಲ್ ಟಿವಿ ನಿಯಮಗಳ ಏಳನೇ ನಿಯಮದಲ್ಲಿ ಜಾಹೀರಾತಿನ ಸದ್ದು ಅತಿಯಾಗಿರಬಾರದೆಂದು ಬರೆದಿಟ್ಟರು. ಬರೆದದ್ದು ಎಷ್ಟು ಪಾಲನೆಯಾಯಿತೆಂಬುದು ಟಿವಿ ನೋಡುವ ಎಲ್ಲರಿಗೂ ಗೊತ್ತು. ಸದ್ದು ಮಾಡುವವನ ಸಭ್ಯತೆಯನ್ನು ನಂಬಿ ಕೂತರೆ ಆಗುವುದೇ ಅಷ್ಟು. ಕೇಳುವವನ ಕೈಯಲ್ಲಿ ಗುಂಡಿ ಇರಬೇಕಾದದ್ದು ಇದಕ್ಕೇ.

ಅಪ್ಲಿಕೇಶನ್ನಿನ ಕೈಗೆ ಮುಖ್ಯ ಗುಂಡಿಯನ್ನೇ ಕೊಟ್ಟರೆ ಏನಾಗುತ್ತದೆಂಬುದನ್ನು ಲಿನಕ್ಸಿನವರು ಪ್ರಯೋಗ ಮಾಡಿಯೇ ನೋಡಿದ್ದಾರೆ. 2009ರ ಹೊತ್ತಿಗೆ ಪಲ್ಸ್‌ಆಡಿಯೋದಲ್ಲಿ ‘ಫ್ಲಾಟ್ ವಾಲ್ಯೂಮ್’ ಎಂಬ ವ್ಯವಸ್ಥೆ ಬಂತು. ಎರಡೆರಡು ಸ್ಲೈಡರ್ ಯಾಕೆ ಎಂಬ ಅದೇ ಸರಳತೆಯ ಹಟ ಅದರ ಹಿಂದೆ. ಸದ್ದು ಮಾಡುತ್ತಿರುವ ಅಪ್ಲಿಕೇಶನ್ನುಗಳಲ್ಲಿ ಯಾವುದರ ಮಟ್ಟ ಎಲ್ಲಕ್ಕಿಂತ ಹೆಚ್ಚೋ ಸ್ಪೀಕರಿನ ಮಟ್ಟವೂ ಅದೇ, ಉಳಿದವು ಅದಕ್ಕೆ ತಕ್ಕಂತೆ ಕೆಳಗೆ. ಕಾಗದದ ಮೇಲೆ ಚೊಕ್ಕ ಲೆಕ್ಕ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಹಾಡನ್ನು ಮೂವತ್ತಕ್ಕಿಟ್ಟು ಕೇಳುತ್ತಿದ್ದೀರಿ ಅನ್ನಿ. ಯಾವುದೋ ವಿಡಿಯೋ ಅಪ್ಲಿಕೇಶನ್ ತೆರೆಯುತ್ತದೆ. ಅದನ್ನು ಬರೆದವನು ಪಾಪ, ತನ್ನ ಸದ್ದು ಪೂರ್ತಿ ಇರಲಿ ಎಂದು ನೂರು ಎಂದು ಬರೆದಿರುತ್ತಾನೆ. ನೂರೆಂದರೆ ತನ್ನ ಪಾಲಿನ ನೂರು ಎಂಬುದು ಅವನ ಲೆಕ್ಕ. ವ್ಯವಸ್ಥೆ ಅದನ್ನು ಸ್ಪೀಕರಿನ ನೂರು ಎಂದು ತಿಳಿದು ಇಡೀ ಮಟ್ಟವನ್ನೇ ನೂರಕ್ಕೆ ಏರಿಸಿಬಿಡುತ್ತದೆ. ಕಿವಿಯೊಳಗೆ ಪಟಾಕಿ ಹೊಡೆದಂತೆ. ಎಕ್ಸ್‌ಪಿ ಕಾಲದ ತಪ್ಪೇ ಇನ್ನೊಂದು ವೇಷದಲ್ಲಿ ತಿರುಗಿ ಬಂದಿತ್ತು. ಉಬುಂಟು ಕೊನೆಗೆ ಈ ವ್ಯವಸ್ಥೆಯನ್ನು ಬಂದ್ ಮಾಡಿಯೇ ಹಂಚಿತು. ಇದನ್ನು ಬರೆದವರು ದಡ್ಡರಲ್ಲ. ಗುಂಡಿ ಕಡಿಮೆ ಮಾಡುವುದೇ ಪುಣ್ಯ ಎಂಬ ನಂಬಿಕೆ ಜಾಣರನ್ನೂ ಇಲ್ಲಿಗೆ ತಂದು ನಿಲ್ಲಿಸುತ್ತದೆ.

ಹೆಚ್ಚು ಸ್ಲೈಡರ್ ಕೊಟ್ಟರೆ ಓದು ಬರಹ ಕಡಿಮೆ ಇರುವ ಜನಕ್ಕೆ ತಿಳಿಯುವುದಿಲ್ಲ ಎಂಬ ಮಾತು ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವಂಥದ್ದು. ನಮ್ಮ ಹೊಲಗಳಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳ ಕೈಯ ಆಂಡ್ರಾಯ್ಡ್ ಫೋನನ್ನು ನೋಡಿ. ರಿಂಗಿಗೊಂದು, ಹಾಡಿಗೊಂದು, ಅಲಾರಂಗೊಂದು, ಕರೆಗೊಂದು ಮಟ್ಟ. ಮೊಮ್ಮಗನ ವಿಡಿಯೋ ಸದ್ದು ತಗ್ಗಿಸಿ ರಿಂಗು ಹಾಗೇ ಇಡುವುದು ಯಾರಿಗೆ ಬರುವುದಿಲ್ಲ? ಫೋನಿನಲ್ಲಿ ಅರ್ಥವಾದದ್ದು ಡೆಸ್ಕ್‌ಟಾಪಿನ ಮುಂದೆ ಕೂತ ಕೂಡಲೇ ಮರೆತುಹೋಗುತ್ತದೆಯೇ?

ಅದೂ ಬೇಡ. ಮಕ್ತಲ್‌ನ ಪಡಮಟಿ ಆಂಜನೇಯನ ಜಾತ್ರೆಗೆ ಹೋಗಿ, ಅಥವಾ ಶ್ರಾವಣದಲ್ಲಿ ಯಾವುದೇ ಹಳ್ಳಿಯ ಗುಡಿಯ ಭಜನೆಗೆ ಹೋಗಿ, ಮೈಕ್‌ಸೆಟ್ಟಿನವನ ಪಕ್ಕ ಒಂದು ಗಳಿಗೆ ಕೂತುಕೊಳ್ಳಿ. ಹತ್ತನೇ ತರಗತಿ ಮುಗಿಸದ ಹುಡುಗ. ಮುಂದೆ ಎಂಟು ಚಾನೆಲ್ಲಿನ ಮಿಕ್ಸರು. ಪ್ರತಿ ಗುಂಡಿಯ ಕೆಳಗೆ ಬಿಳಿ ಪಟ್ಟಿ ಅಂಟಿಸಿ ಪೆನ್ನಿನಲ್ಲಿ ಬರೆದಿರುತ್ತಾನೆ: ಪೇಟಿ, ತಬಲ, ತಾಳ, ಹಾಡು 1, ಹಾಡು 2. ಬೆವರಿಗೆ ಅಕ್ಷರ ಹರಡಿರುತ್ತದೆ, ಅವನಿಗೆ ಓದಲಿಕ್ಕೆ ಬೇಕಾಗಿಯೂ ಇಲ್ಲ. ಪೇಟಿ ನುಡಿಸುವ ಮುದುಕ ಮುಂದಕ್ಕೆ ಬಾಗಿದರೆ ಸಾಕು, ಕೈ ತಾನಾಗಿ ಆ ಗುಂಡಿಗೆ ಹೋಗುತ್ತದೆ. ಹಾಡುವವರು ಬದಲಾದಾಗ ಎರಡನೆಯ ಗಂಟಲಿಗೆ ಎಷ್ಟು ಬೇಕೆಂದು ಮೊದಲ ಸಾಲಿನಲ್ಲೇ ಅಂದಾಜು ಮಾಡುತ್ತಾನೆ. ಮುಖ್ಯ ಗುಂಡಿಯನ್ನು ಇಡೀ ರಾತ್ರಿಯಲ್ಲಿ ಅವನು ಮುಟ್ಟುವುದೇ ಕಡಿಮೆ. ಯಾಕೆಂದರೆ ತಬಲ ಹೆಚ್ಚಾಗಿದ್ದಕ್ಕೆ ಇಡೀ ಭಜನೆಯ ಸದ್ದು ತಗ್ಗಿಸುವವನನ್ನು ಮುಂದಿನ ವರ್ಷ ಊರವರು ಕರೆಯುವುದಿಲ್ಲ. ಈ ಹುಡುಗನೇ ಹಗಲು ಹೊತ್ತು ಜೆರಾಕ್ಸ್ ಅಂಗಡಿಯಲ್ಲಿ ಕೂತರೆ, ಅವನಿಗೆ ಒಂದೇ ಗುಂಡಿ ಸಾಕು, ಎರಡು ಕೊಟ್ಟರೆ ತಲೆ ತಿರುಗುತ್ತದೆ ಎಂದು ಯಾವುದೋ ಊರಿನ ಹವಾನಿಯಂತ್ರಿತ ಕೋಣೆಯಲ್ಲಿ ಕೂತವರು ತೀರ್ಮಾನಿಸುತ್ತಾರೆ.

ಇಲ್ಲಿಯವರೆಗಿನದು ಅನುಕೂಲ ಅನಾನುಕೂಲದ ಮಾತಾಯಿತು. ಕಣ್ಣು ಕಾಣದವರ ವಿಷಯಕ್ಕೆ ಬಂದರೆ ಇದು ಹಕ್ಕಿನ ಮಾತು.

ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರನ್ನು 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುಮಾಡಿದ ಮೈಕೆಲ್ ಕರನ್, ಅವನ ಜೊತೆಗಾರ ಜೇಮ್ಸ್ ಟೆ, ಇಬ್ಬರೂ ಕಣ್ಣು ಕಾಣದವರೇ. ಅದರ ಜೊತೆ ಬರುವ ಈಸ್ಪೀಕ್ ಎಂಬ ಧ್ವನಿ ಕನ್ನಡವನ್ನೂ ಓದುತ್ತದೆ. ಲೋಹದ ತಗಡು ಮಾತಾಡಿದ ಹಾಗಿದ್ದರೂ ಓದುತ್ತದೆ. ಈಗ ಅಂಥ ಒಬ್ಬ ವಿದ್ಯಾರ್ಥಿ ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತಿದ್ದಾನೆ ಎಂದುಕೊಳ್ಳಿ. ಪುಟದಲ್ಲಿ ಯಾವುದೋ ವಿಡಿಯೋ ತಾನಾಗಿಯೇ ಶುರುವಾಗುತ್ತದೆ. ಅದನ್ನು ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಹೇಳಬೇಕಾದ ದನಿ ಆ ವಿಡಿಯೋದ ಗದ್ದಲದಲ್ಲೇ ಮುಳುಗಿಹೋಗಿದೆ. ಮುಖ್ಯ ವಾಲ್ಯೂಮ್ ತಗ್ಗಿಸಿದರೆ ಎರಡೂ ತಗ್ಗುತ್ತವೆ. ಮಿಕ್ಸರ್ ತೆರೆಯೋಣವೆಂದರೆ ಆ ದಾರಿಯನ್ನೂ ಅದೇ ದನಿ ಹೇಳಬೇಕು. ಕಣ್ಣಿದ್ದವರಿಗೆ ಕಿರಿಕಿರಿಯಾದದ್ದು ಇವನಿಗೆ ಬಾಗಿಲು ಮುಚ್ಚಿದಂತೆ.

ಇದನ್ನು ಕಂಡುಹಿಡಿದವನು ನಾನಲ್ಲ. ವೆಬ್ ಪುಟಗಳು ಎಲ್ಲರಿಗೂ ಎಟುಕಬೇಕೆಂದು ಡಬ್ಲ್ಯು3ಸಿ ಸಂಸ್ಥೆ 2008ರ ಡಿಸೆಂಬರಿನಲ್ಲಿ ಹೊರತಂದ ಮಾರ್ಗಸೂಚಿಯಲ್ಲೇ ಇದೆ. ಪುಟ ತೆರೆದಾಗ ತಾನಾಗಿ ಶುರುವಾದ ಸದ್ದು ಮೂರು ಸೆಕೆಂಡಿಗಿಂತ ಹೆಚ್ಚು ಬಂದರೆ ಅದನ್ನು ನಿಲ್ಲಿಸುವ ದಾರಿ ಇರಬೇಕು, ಇಲ್ಲವೇ ಇಡೀ ಯಂತ್ರದ ವಾಲ್ಯೂಮನ್ನು ಮುಟ್ಟದೆ ಅದೊಂದರ ಸದ್ದನ್ನೇ ತಗ್ಗಿಸುವ ದಾರಿ ಇರಬೇಕು. ಇದು ಎಲ್ಲಕ್ಕಿಂತ ಕೆಳಗಿನ, ಕಡ್ಡಾಯವೆನ್ನಬಹುದಾದ ಹಂತದ ನಿಯಮ. ಇನ್ನೂ ಮೇಲಿನ ಹಂತದಲ್ಲಿ, ಧ್ವನಿಮುದ್ರಿಕೆಯಲ್ಲಿ ಮಾತಿನ ಹಿಂದಿನ ಸದ್ದು ಮಾತಿಗಿಂತ ಕನಿಷ್ಠ 20 ಡೆಸಿಬಲ್ ಕಡಿಮೆ ಇರಬೇಕೆಂದೂ ಇದೆ. ‘ಬೇರೆ ಬೇರೆಯಾಗಿ’ ಎಂಬ ಬೇಡಿಕೆಯನ್ನು ಒಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಅಡಿಪಾಯದಲ್ಲೇ ಇಟ್ಟಿರುವಾಗ ಅದನ್ನು ಪರಿಣತರ ಶೋಕಿ ಎಂದು ಕರೆಯುವುದು ಓದದಿರುವವರ ಧೈರ್ಯ.

“ಅದಕ್ಕೇ ಎಲ್ಲವನ್ನೂ ಆಟೋಮ್ಯಾಟಿಕ್ ಮಾಡಿಬಿಡೋಣ” ಎಂದು ಈಗ ಹೊಸ ಗುಂಪೊಂದು ಎದ್ದಿದೆ. ಯಂತ್ರವೇ ತಿಳಿದು ತಗ್ಗಿಸಲಿ, ಏರಿಸಲಿ. ವಿಂಡೋಸ್ 7ರಿಂದ ಇದು ಒಂದು ರೂಪದಲ್ಲಿ ಇದ್ದೇ ಇದೆ: ಕರೆ ಬಂದರೆ ಉಳಿದೆಲ್ಲದರ ಸದ್ದು ತಾನಾಗಿ ಶೇಕಡಾ 80 ಇಳಿಯುತ್ತದೆ. ಎಂಬತ್ತೇ ಯಾಕೆ, ಅರವತ್ತು ಯಾಕಲ್ಲ ಎಂದು ಕೇಳಿದರೆ ಸದ್ದಿನ ಸೆಟ್ಟಿಂಗಿನಲ್ಲಿ ಸಿಗುವ ಆಯ್ಕೆ ನಾಲ್ಕೇ: ಪೂರ್ತಿ ಮ್ಯೂಟ್, 80, 50, ಏನೂ ಬೇಡ. ಎಲ್ಲದಕ್ಕೂ ಒಟ್ಟಿಗೆ. ಕರೆಯಲ್ಲಿರುವವರಿಗೆ ಹಾಡನ್ನೇ ಕೇಳಿಸಬೇಕೆಂದಿದ್ದರೆ? ಯಂತ್ರಕ್ಕೆ ಅದು ಹೇಗೆ ಗೊತ್ತಾಗಬೇಕು? ಎನ್‌ವಿಡಿಎ ಕೂಡ 2016ರಲ್ಲಿ ಇಂಥದ್ದೇ ಸೌಲಭ್ಯ ತಂದಿತು. ತಾನು ಮಾತಾಡುವಾಗ ಉಳಿದವುಗಳ ದನಿ ತಗ್ಗಿಸುವುದು. ಉಪಯೋಗದ್ದೇ, ಸುಳ್ಳಲ್ಲ. ಆದರೆ ಆನ್‌ಲೈನ್ ಪಾಠ ಕೇಳುವ ಹುಡುಗ ಕೀಲಿ ಒತ್ತಿದಾಗಲೆಲ್ಲ ಮೇಷ್ಟ್ರ ದನಿ ಕುಗ್ಗಿ ಏಳತೊಡಗಿದರೆ ಪಾಠ ತಲೆಗೆ ಹತ್ತುವುದು ಹೇಗೆ? 2024ರಲ್ಲಿ ಅದೇ ತಂಡ ಇನ್ನೊಂದು ದಾರಿ ಕೊಟ್ಟಿತು. ಸ್ಕ್ರೀನ್ ರೀಡರಿನ ದನಿ ಒಂದು ಕಿವಿಗೆ, ಉಳಿದೆಲ್ಲವೂ ಇನ್ನೊಂದು ಕಿವಿಗೆ. ಕಿವಿಯನ್ನೇ ನಂಬಿ ಬದುಕುವವರು ತಮಗಾಗಿ ಮಾಡಿಕೊಂಡ ವ್ಯವಸ್ಥೆ ಇದು. ಯಂತ್ರದ ಜಾಣತನವೊಂದಕ್ಕೇ ಅವರು ಒಪ್ಪಿಸಿಕೊಂಡು ಕೂರಲಿಲ್ಲ, ಬೇರ್ಪಡಿಸಿ ಇಟ್ಟರು.

ಎದುರು ಪಕ್ಷದ ಕೈಯಲ್ಲಿ ಒಂದು ಒಳ್ಳೆಯ ಬಾಣ ಇದೆ, ಅದನ್ನು ಅವರ ಪರವಾಗಿ ನಾನೇ ಹೇಳುತ್ತೇನೆ. ಗುಂಡಿಗಳು ಸಾಲುಗಟ್ಟಿದಷ್ಟೂ ಸದ್ದು ಎಲ್ಲಿ ಸತ್ತಿತೆಂದು ಹುಡುಕುವುದು ಕಷ್ಟ. ವಿಡಿಯೋದ ಒಳಗಿನ ಸ್ಲೈಡರ್, ಮಿಕ್ಸರಿನಲ್ಲಿ ಬ್ರೌಸರಿನ ಸ್ಲೈಡರ್, ಇಡೀ ಯಂತ್ರದ್ದು, ಕೊನೆಗೆ ಸ್ಪೀಕರ್ ಡಬ್ಬಿಯ ಬೆನ್ನಿನ ಗುಂಡಿ, ಒಟ್ಟು ನಾಲ್ಕು. ಯಾವತ್ತೋ ಒಂದು ಅಪ್ಲಿಕೇಶನ್ನನ್ನು ಮಿಕ್ಸರಿನಲ್ಲಿ ಮ್ಯೂಟ್ ಮಾಡಿ ಮರೆತರೆ ವಿಂಡೋಸ್ ಮರೆಯುವುದಿಲ್ಲ. ತಿಂಗಳಾದ ಮೇಲೆ ತೆರೆದರೂ ಅದು ಮೂಕ. ಸ್ಪೀಕರ್ ಕೆಟ್ಟಿದೆ ಎಂದು ಹೊಸ ಡಬ್ಬಿ ತಂದವರಿದ್ದಾರೆ. ಇನ್ನು ಕೆಲವರು ಮೊದಲ ಮೂರೂ ತಗ್ಗಿದ್ದು ತಿಳಿಯದೆ ಡಬ್ಬಿಯ ಗುಂಡಿಯನ್ನೇ ಪೂರ್ತಿ ತಿರುಗಿಸುತ್ತಾರೆ. ‘ಸ್ಸ್ಸ್’ ಎಂಬ ಸದ್ದು ಬರುತ್ತದೆ, ಆಮೇಲೆ ಯಾವುದೋ ಎಚ್ಚರಿಕೆಯ ಗಂಟೆ ಹೊಡೆದಾಗ ಅಂಗಡಿಯಲ್ಲಿದ್ದವರೆಲ್ಲಾ ಬೆಚ್ಚುತ್ತಾರೆ. ಇದೆಲ್ಲ ನಿಜ. ಆದರೆ ಇದು ಸ್ಲೈಡರುಗಳನ್ನು ಬಚ್ಚಿಟ್ಟದ್ದರ ಫಲ. ಮೈಕ್‌ಸೆಟ್ಟಿನವನ ಗುಂಡಿಗಳೆಲ್ಲ ಕಣ್ಣೆದುರಿಗೇ ಇವೆ, ಯಾವುದು ಕೆಳಗಿದೆ ಎಂದು ಒಂದು ನೋಟದಲ್ಲಿ ಕಾಣುತ್ತದೆ. ಕಂಪ್ಯೂಟರಿನಲ್ಲಿ ನಾಲ್ಕು ಗುಂಡಿ ನಾಲ್ಕು ಕೋಣೆಯಲ್ಲಿ ಇಟ್ಟು, ಒಂದರಿಂದ ಇನ್ನೊಂದು ಕಾಣದಂತೆ ಗೋಡೆ ಕಟ್ಟಿ, ಕೊನೆಗೆ ಜನಕ್ಕೆ ಗೊಂದಲ ಆಗುತ್ತದೆ ನೋಡಿ ಎನ್ನುತ್ತಾರೆ.

ಹಾಗಿದ್ದರೆ ಏನು ಮಾಡಬೇಕು? ದೊಡ್ಡ ಸಂಶೋಧನೆಯೇನೂ ಬೇಡ. ಸ್ಪೀಕರ್ ಚಿತ್ರದ ಮೇಲೆ ಒಂದು ಸಲ ಒತ್ತಿದರೆ ಆ ಗಳಿಗೆಯಲ್ಲಿ ಸದ್ದು ಮಾಡುತ್ತಿರುವವು ಮಾತ್ರ ಕಾಣಲಿ, ಮೂರಿದ್ದರೆ ಮೂರು. ಯಾವುದಾದರೂ ಮೂಕವಾಗಿದ್ದರೆ ಎಲ್ಲಿ, ಯಾವ ಗುಂಡಿಯಿಂದ ಮೂಕವಾಯಿತೆಂದು ಅಲ್ಲೇ ಬರೆದಿರಲಿ. ಸ್ಕ್ರೀನ್ ರೀಡರಿನ ದನಿಯನ್ನು ಬೇರೆ ಯಾವ ಅಪ್ಲಿಕೇಶನ್ನೂ ತಗ್ಗಿಸದಿರಲಿ. ಮುಖ್ಯ ಗುಂಡಿಯನ್ನು ಮನುಷ್ಯ ಬಿಟ್ಟು ಇನ್ನಾರೂ ಮುಟ್ಟದಿರಲಿ. ಹೆಸರಿನ ವಿಷಯದಲ್ಲೂ ಸ್ವಲ್ಪ ಮರ್ಯಾದೆ ಬೇಕು. ಲಿನಕ್ಸಿನಲ್ಲಿ ಕ್ರೋಮಿನ ಟ್ಯಾಬುಗಳಿಗೆ ಬೇರೆ ಬೇರೆ ಸ್ಲೈಡರ್ ಸಿಗುತ್ತವೆ, ಖುಷಿಯಿಂದ ತೆರೆದರೆ ಐದು ಟ್ಯಾಬಿದ್ದರೆ ಐದಕ್ಕೂ ‘ಪ್ಲೇಬ್ಯಾಕ್’ ಎಂದೇ ಹೆಸರು. ಐದು ಮಕ್ಕಳಿಗೆ ಒಂದೇ ಹೆಸರಿಟ್ಟವರು ಶಾಲೆಗೆ ಸೇರಿಸುವಾಗ ಏನು ಮಾಡುತ್ತಾರೋ!

ಬ್ರೌಸರಿನವರು ಇದು ತಮ್ಮಿಂದಾಗದು ಎನ್ನುವಂತಿಲ್ಲ. ಯಾವ ಟ್ಯಾಬಿನಿಂದ ಸದ್ದು ಬರುತ್ತಿದೆ ಎಂದು ಕ್ರೋಮ್ 2014ರಿಂದ ಪುಟ್ಟ ಸ್ಪೀಕರ್ ಚಿತ್ರ ಹಾಕಿ ತೋರಿಸುತ್ತಿದೆ. ಫೈರ್‌ಫಾಕ್ಸ್ 2015ರಲ್ಲಿ ಆ ಚಿತ್ರವನ್ನು ಒತ್ತಿ ಮ್ಯೂಟ್ ಮಾಡಲಿಕ್ಕೂ ಬಿಟ್ಟಿತು. ಕ್ರೋಮ್ 2018ರಲ್ಲಿ ಟ್ಯಾಬನ್ನು ಮ್ಯೂಟ್ ಮಾಡುವ ಆಯ್ಕೆಯನ್ನು ಸೈಟನ್ನೇ ಮ್ಯೂಟ್ ಮಾಡುವುದಕ್ಕೆ ಬದಲಿಸಿತು. ಅಂದರೆ ಒಂದೇ ಸೈಟಿನ ಎರಡು ಟ್ಯಾಬಿದ್ದರೆ ಎರಡೂ ಮೂಕ. ಇದ್ದದ್ದನ್ನೂ ಕಡಿಮೆ ಮಾಡಿದ ಸರಳತೆ ಅದು. ಯಾವ ಟ್ಯಾಬು ಎಷ್ಟು ಸದ್ದು ಮಾಡುತ್ತಿದೆ ಎಂಬುದು ಆ ಸಾಫ್ಟ್‌ವೇರಿಗೆ ಚೆನ್ನಾಗಿ ಗೊತ್ತು, ಸೊನ್ನೆಗೆ ಇಳಿಸುವುದೂ ಗೊತ್ತು. ಸೊನ್ನೆಗೂ ನೂರಕ್ಕೂ ನಡುವಿನ ತೊಂಬತ್ತೊಂಬತ್ತು ಮೆಟ್ಟಿಲುಗಳನ್ನು ಮಾತ್ರ ಯಾಕೆ ಬಚ್ಚಿಟ್ಟುಕೊಂಡಿದ್ದಾರೆ ಎಂದು ಅವರು ಹೇಳಬೇಕು. ಅಲ್ಲಿಯವರೆಗೆ ಗದ್ವಾಲಿನ ಅಂಗಡಿಯವನು ಎರಡು ಬ್ರೌಸರ್ ಓಡಿಸುತ್ತಿರುತ್ತಾನೆ, ಅವನ ಕಂಪ್ಯೂಟರು ಪ್ರಿಂಟ್ ಕೊಡುವಾಗಲೆಲ್ಲ ನಿಂತು ನಿಂತು ಯೋಚಿಸುತ್ತಿರುತ್ತದೆ.